ಕಚ್ಚಿದ್ದು ಹಸಿವಿಗೋ, ಹೆದರಿಕೆಗೋ?

ಟೆಕ್ಸಸ್‌ನ ನಮ್ಮ ಮನೆಯಲ್ಲಿ ಎರಡು ಸಾಕು ಹಾವುಗಳಿವೆ: ಒಂದು ಕಾರ್ನ್ ಸ್ನೇಕ್, ಒಂದು ಬಾಲ್ ಪೈಥಾನ್ (ಸಣ್ಣ ಜಾತಿಯ ಹೆಬ್ಬಾವು). ಎರಡಕ್ಕೂ ವಿಷವಿಲ್ಲ, ಎರಡೂ ನನ್ನನ್ನು ಕಚ್ಚಿವೆ. (ಭಾರತದಲ್ಲಿರುವವರು ಇದನ್ನೋದಿ ಹಿತ್ತಲಿನ ಕೇರೆ ಹಾವಿಗೆ ಕೈ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.)

ಕಾರ್ನ್ ಸ್ನೇಕ್ ಬಂದಾಗ ಪೆನ್ಸಿಲ್ ದಪ್ಪದ ಮರಿ. ಮುಚ್ಚಳ ತೆಗೆದರೆ ಸಾಕು, ಕತ್ತು ಮಡಚಿ, ಬಾಲ ಅಲ್ಲಾಡಿಸಿ ಡಬ್ಬಿಗೆ ಹಾಸಿದ ಕಾಗದದ ಮೇಲೆ ಪಟಪಟ ಸದ್ದು ಮಾಡಿ, ಛಕ್ಕನೆ ಕುಟುಕಿ ಹಿಂದೆ ಸರಿಯುತ್ತಿತ್ತು. ಅದು ಬರೀ ಭಯ. ಮರಿಗೆ ಮೇಲಿಂದ ಇಳಿಯುವುದೆಲ್ಲ ಹದ್ದೇ. ಹಾಗಾಗಿ ಪಕ್ಕದಿಂದ ಕೈ ತಂದು, ಹೊಟ್ಟೆಯಡಿ ಆಸರೆ ಕೊಟ್ಟು ಎತ್ತುತ್ತಿದ್ದೆ. ಕುಟುಕಿದರೂ ಕೈ ಹಿಂದೆಗೆಯುತ್ತಿರಲಿಲ್ಲ; ಹಿಂದೆಗೆದರೆ, ಕಚ್ಚಿದರೆ ಇವನು ಹೋಗುತ್ತಾನೆ ಅಂತ ಅದು ಕಲಿತುಬಿಡುತ್ತದೆ. ಬೆಳೆದಂತೆ ತಾನಾಗಿ ಸಮಾಧಾನವಾಯಿತು. ‘ಅದಕ್ಕೆ ನಿನ್ನ ಗುರುತು ಹತ್ತುತ್ತೇನೋ?’ ಅಂತ ಅಮ್ಮ ಫೋನಿನಲ್ಲಿ ಕೇಳುತ್ತಾಳೆ. ಪ್ರೀತಿ ಗೀತಿ ಏನಿಲ್ಲಮ್ಮ, ನನ್ನಿಂದ ಅಪಾಯವಿಲ್ಲ ಅಂತ ರೂಢಿಯಾಗಿದೆ ಅಷ್ಟೇ.

ಪೈಥಾನ್ ಕಥೆ ಬೇರೆ. ಹೆದರಿದರೆ ಅದು ಸಾಮಾನ್ಯವಾಗಿ ಕಚ್ಚುವುದಿಲ್ಲ, ಉಂಡೆಯಾಗಿ ತಲೆ ಅಡಗಿಸಿಕೊಳ್ಳುತ್ತದೆ. ಕಚ್ಚಿದ್ದು ಊಟದ ಹೊತ್ತಲ್ಲಿ. ಅದರ ತುಟಿಯಂಚಿನ ಕುಳಿಗಳು ಬಿಸಿಯನ್ನು ಗುರುತಿಸುತ್ತವೆ. ಇಲಿಯ ವಾಸನೆ ಹರಡಿರುವಾಗ ಬೆಚ್ಚಗಿನ ಕೈಯೂ ಇಲಿಯೇ. ಹೀಗೆ ಕಚ್ಚಿದಾಗ ಬಿಡುವುದಿಲ್ಲ, ಮಣಿಕಟ್ಟಿಗೆ ಸುತ್ತಿಕೊಳ್ಳುತ್ತದೆ. ಹಲ್ಲುಗಳು ಹಿಮ್ಮುಖವಾಗಿ ಬಾಗಿರುತ್ತವೆ, ಎಳೆದರೆ ನಮ್ಮ ಚರ್ಮ ಹರಿಯುತ್ತದೆ, ಅದರ ಹಲ್ಲೂ ಮುರಿಯಬಹುದು. ನಲ್ಲಿಯ ತಣ್ಣೀರು ಬಿಟ್ಟುಕೊಂಡು ಸುಮ್ಮನೆ ನಿಂತೆ, ತಾನೇ ಬಿಟ್ಟಿತು. ಈಗ ಫ್ರೀಜರಿನ ಇಲಿಯನ್ನು ಕರಗಿಸಿ ಉದ್ದನೆಯ ಇಕ್ಕಳದಲ್ಲೇ ಕೊಡುತ್ತೇನೆ. ಎತ್ತಿಕೊಳ್ಳುವ ದಿನ ಸೋಪಿನಲ್ಲಿ ಕೈ ತೊಳೆದು, ಮೊದಲು ಹಾವಿನ ಹುಕ್‌ನಿಂದ (ತುದಿಯಲ್ಲಿ ಕೊಕ್ಕೆಯಿರುವ ಕೋಲು) ಅದರ ಮೈ ಮುಟ್ಟುತ್ತೇನೆ: ಹುಕ್ ತಾಗಿದರೆ ಇವತ್ತು ಊಟವಿಲ್ಲ ಅಂತ ಲೆಕ್ಕ. ತಿಂದ ಮೇಲೆ ಎರಡು ದಿನ ಮುಟ್ಟುವುದಿಲ್ಲ, ಮುಟ್ಟಿದರೆ ಕಕ್ಕಿಬಿಡುವ ಸಾಧ್ಯತೆ ಇರುತ್ತದೆ.

ಸಾಧು ಹಾವೂ ಪೊರೆ ಬಿಡುವ ಮುಂಚೆ ಸಿಡುಕುತ್ತದೆ. ಕಣ್ಣು ಹಾಲುನೀಲಿಯಾಗಿ ಮಂಜಾಗಿರುತ್ತದೆ, ಪಾಪ, ಎದುರಿಗಿರುವುದು ಸರಿಯಾಗಿ ಕಾಣುವುದಿಲ್ಲ. ಆಗ ನೀರು ಇಟ್ಟು ಸುಮ್ಮನಿರುತ್ತೇನೆ. ಪೊರೆಯ ಸಮಯವೂ ಅಲ್ಲದೆ, ಬೆಳೆದ ಹಾವು ಇದ್ದಕ್ಕಿದ್ದಂತೆ ಬುಸುಗುಟ್ಟತೊಡಗಿದರೆ ಮೊದಲು ಥರ್ಮಾಮೀಟರ್ ನೋಡುತ್ತೇನೆ. ಪೈಥಾನ್ ಆದರೆ ಅದನ್ನಿಟ್ಟ ಟ್ಯಾಂಕಿನ ಬೆಚ್ಚಗಿನ ಬದಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ಕಣ್ಣಿನ ಸುತ್ತ, ಗಲ್ಲದಡಿ ಕರಿ ಚುಕ್ಕೆಯಂಥ ಉಣ್ಣಿ ಹುಳುಗಳಿವೆಯೋ, ಬಾಯಲ್ಲಿ ಲೋಳೆ ಕಟ್ಟಿದೆಯೋ ಅಂತ ಹುಡುಕುತ್ತೇನೆ. ಏನಾದರೂ ಕಂಡರೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಹತ್ತಿರ ಒಯ್ಯುವುದೇ.