ಗ್ರಾಫಿನ ತಳದಲ್ಲಿ ದಿನಾಂಕ ಸರಿ ಕೂರಬೇಕೆಂದರೆ: ಆರ್ ಭಾಷೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ದರ

ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರವನ್ನು ಗ್ರಾಫಿಗೆ ಇಳಿಸುವ ವಿದ್ಯಾರ್ಥಿಗಳು ಧಾರವಾಡದಲ್ಲಿ ಪ್ರತಿ ವರ್ಷ ಸಿಗುತ್ತಾರೆ. ಕೃಷಿ ಅರ್ಥಶಾಸ್ತ್ರದವರು, ಸಂಖ್ಯಾಶಾಸ್ತ್ರದವರು, ಈಗೀಗ ವಾಣಿಜ್ಯ ಓದುವವರೂ. ದರದ ಅಂಕಿಗಳು ಬಹುಮಟ್ಟಿಗೆ ಸರಿ ಇರುತ್ತವೆ. ಕೆಡುವುದು ತಳದ ಅಕ್ಷ. ಅಲ್ಲಿ ದಿನಾಂಕಗಳು ಒಂದರ ಮೇಲೊಂದು ಹತ್ತಿ ಕಪ್ಪು ಪಟ್ಟಿಯಾಗಿರುತ್ತವೆ, ಇಲ್ಲವೇ ಜನವರಿ 1ರ ಪಕ್ಕಕ್ಕೇ ಫೆಬ್ರುವರಿ 1 ಬಂದು ಕೂತಿರುತ್ತದೆ. ಆಗ ಅಕ್ಷರ ಸಣ್ಣದು ಮಾಡುತ್ತಾರೆ, ಓರೆ ಮಾಡುತ್ತಾರೆ, ಹಾಳೆ ಅಗಲ ಮಾಡುತ್ತಾರೆ. ತೊಂದರೆ ಅಕ್ಷರದ್ದಲ್ಲ. ಆ ಕಾಲಂ ಇನ್ನೂ ದಿನಾಂಕವೇ ಆಗಿಲ್ಲ. ಆರ್ (ಅಂಕಿಅಂಶಕ್ಕೂ ಗ್ರಾಫಿಗೂ ಬಳಸುವ ಕಂಪ್ಯೂಟರ್ ಭಾಷೆ) ಅದನ್ನು ಬರೀ ಪಠ್ಯ ಎಂದು ಓದಿಕೊಂಡಿದೆ.

ಪಠ್ಯವಾಗಿ ಉಳಿದರೆ ನಷ್ಟ ದೊಡ್ಡದು. ಬ್ಯಾಡಗಿಯಲ್ಲಿ ವಹಿವಾಟು ಸೋಮವಾರ ಮತ್ತು ಗುರುವಾರ. ಸೋಮವಾರದಿಂದ ಗುರುವಾರಕ್ಕೆ ಮೂರು ದಿನ, ಗುರುವಾರದಿಂದ ಸೋಮವಾರಕ್ಕೆ ನಾಲ್ಕು. ಹಬ್ಬಕ್ಕೆ ಪ್ಯಾಟಿ ಬಂದ್ ಆದರೆ ನಡುವೆ ವಾರವೇ ಬಿಟ್ಟುಹೋಗುತ್ತದೆ. ಪಠ್ಯದ ಅಕ್ಷದಲ್ಲಿ ಈ ಎಲ್ಲ ಅಂತರಕ್ಕೂ ಒಂದೇ ಅಳತೆ. ಹತ್ತು ದಿನದಲ್ಲಿ ಮೆಲ್ಲಗೆ ಇಳಿದ ದರ ಒಂದೇ ಏಟಿಗೆ ಕುಸಿದಂತೆ ಕಾಣುತ್ತದೆ. ಮಾಲು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬ ಪ್ರಶ್ನೆ ಹಿಡಿದು ಈ ಗೆರೆ ನೋಡುವ ರೈತನಿಗೆ ಇದು ಸುಳ್ಳು ಹೇಳಿದಂತೆಯೇ.

ಹಂತ 1: ಫೈಲ್ ಓದಿಸುವುದು

ದಿನಾಂಕ, ತಳಿ (ಡಬ್ಬಿ, ಕಡ್ಡಿ, ಗುಂಟೂರು), ಕ್ವಿಂಟಲ್ ದರ ಎಂದು ಮೂರು ಕಾಲಂ ಸಾಕು. ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಾದಾ ಫೈಲ್) ಮಾಡಿ ‘ರೀಡ್.ಸಿಎಸ್‌ವಿ’ಯಿಂದ ಓದಿಸಿ.

ಹಂತ 2: ಪಠ್ಯವನ್ನು ದಿನಾಂಕ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ನಾವು ಬರೆಯುವ ರೂಢಿ ದಿನ, ತಿಂಗಳು, ವರ್ಷ: 11-01-2024. ಪಠ್ಯವನ್ನು ದಿನಾಂಕ ಮಾಡುವ ಆರ್ ಆಜ್ಞೆ ‘ಆಸ್.ಡೇಟ್’. ಯಾವುದು ದಿನ, ಯಾವುದು ವರ್ಷ ಎಂಬ ಸೂಚನೆ ಇಲ್ಲದೆ ಇದನ್ನು ಅದಕ್ಕೆ ಕೊಟ್ಟರೆ ಅದು ದೋಷ ತೋರಿಸಿ ನಿಲ್ಲುವುದಿಲ್ಲ. ವರ್ಷ ಮೊದಲು ಬರುತ್ತದೆ ಎಂದು ನಂಬಿ 11ನ್ನು ವರ್ಷ ಮಾಡುತ್ತದೆ, 01ನ್ನು ತಿಂಗಳು ಮಾಡುತ್ತದೆ, 2024ರ ಮೊದಲ ಎರಡು ಅಂಕಿ ಕಿತ್ತುಕೊಂಡು ದಿನ 20 ಮಾಡುತ್ತದೆ, ಉಳಿದ 24 ಬಿಟ್ಟುಬಿಡುತ್ತದೆ. ಕೈಗೆ ಸಿಗುವುದು ಕ್ರಿ.ಶ. 11ನೇ ವರ್ಷದ ಜನವರಿ 20. ನಿಮ್ಮ ಕಾಲಂನಲ್ಲಿ ಪ್ರತಿ ದಿನಾಂಕವೂ 20ನೇ ತಾರೀಖೇ ಆಗಿದ್ದರೆ ಕಾರಣ ಇದೊಂದೇ, ಬೇರೆ ಹುಡುಕಬೇಡಿ.

ಸೂಚನೆ ಕೊಟ್ಟವರೂ ಮುಂದಿನ ಗುಂಡಿಗೆ ಬೀಳುತ್ತಾರೆ. ಶೇಕಡಾ ಚಿಹ್ನೆಯ ಮುಂದೆ ಬರೆಯುವ ‘ವೈ’ ಅಕ್ಷರ ದೊಡ್ಡದಾದರೆ ನಾಲ್ಕಂಕಿಯ ವರ್ಷ, ಸಣ್ಣದಾದರೆ ಎರಡಂಕಿಯದು. 2024 ಇರುವಲ್ಲಿ ಸಣ್ಣ ‘ವೈ’ ಹಾಕಿದರೆ ಆರ್ ಮೊದಲ ಎರಡಂಕಿ 20 ಓದಿ ವರ್ಷವನ್ನು 2020 ಮಾಡುತ್ತದೆ. 2022, 2023, 2024 ಎಲ್ಲವೂ 2020ರಲ್ಲೇ ಬಂದು ಬೀಳುತ್ತವೆ. ಗ್ರಾಫ್ ಬರುತ್ತದೆ, ಚೆನ್ನಾಗಿಯೂ ಕಾಣುತ್ತದೆ, ಪೂರ್ತಿ ತಪ್ಪಾಗಿರುತ್ತದೆ.

ನನ್ನ ಸಲಹೆ ಖಚಿತ: ‘ಲುಬ್ರಿಡೇಟ್’ ಪ್ಯಾಕೇಜ್ (ಆರ್‌ಗೆ ಸೇರಿಸಿಕೊಳ್ಳುವ ಆಜ್ಞೆಗಳ ಗಂಟು) ಹಾಕಿಕೊಂಡು ಅದರ ‘ಡಿಎಂವೈ’ ಬಳಸಿ. ಹೆಸರಿನ ಮೂರು ಅಕ್ಷರಗಳೇ ದಿನ, ತಿಂಗಳು, ವರ್ಷ ಎಂಬ ಕ್ರಮ ಹೇಳುತ್ತವೆ. ನಡುವೆ ಅಡ್ಡಗೆರೆ ಇರಲಿ, ಓರೆಗೆರೆ ಇರಲಿ, ಚುಕ್ಕೆ ಇರಲಿ, ಓದುತ್ತದೆ. ಎರಡಂಕಿಯ ವರ್ಷವನ್ನೂ ಸಂಭಾಳಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಓದಲಾಗದ ಸಾಲು ಎಷ್ಟು ಎಂದು ಎಚ್ಚರಿಸುತ್ತದೆ. ‘ಆಸ್.ಡೇಟ್’ ಅಂಥ ಸಾಲುಗಳನ್ನು ಸದ್ದಿಲ್ಲದೆ ಖಾಲಿ ಮಾಡಿಬಿಡುತ್ತದೆ.

ಎಕ್ಸೆಲ್ ದಾಟಿ ಬಂದ ಫೈಲ್ ಇನ್ನೂ ಅಪಾಯಕಾರಿ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ, 11-01-2024 ಎಂದು ಒತ್ತಿದ ಕೂಡಲೇ ಎಕ್ಸೆಲ್ ಅದನ್ನು ನವೆಂಬರ್ 1 ಮಾಡುತ್ತದೆ. 18-01-2024 ಒತ್ತಿದರೆ ಹದಿನೆಂಟನೇ ತಿಂಗಳು ಇಲ್ಲವಾದ್ದರಿಂದ ಪಠ್ಯವಾಗಿಯೇ ಬಿಡುತ್ತದೆ. ಒಂದೇ ಕಾಲಂನಲ್ಲಿ ಕೆಲವು ದಿನಾಂಕ ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಈ ರೋಗ ತಗುಲಿದೆ ಎಂದರ್ಥ. ಎಕ್ಸೆಲ್ ಫೈಲನ್ನೇ ನೇರವಾಗಿ ಆರ್‌ಗೆ ಓದಿಸಿದರೆ 18-01-2024ರ ಪಕ್ಕ 45597 ಎಂಬಂಥ ಸಂಖ್ಯೆ ಕಾಣುತ್ತದೆ. ಅದು ಎಕ್ಸೆಲ್‌ನ ದಿನಗಣನೆ. ಆರ್ ಎಣಿಸುವುದು 1970ರ ಜನವರಿ 1ರಿಂದ, ಎಕ್ಸೆಲ್ ಎಣಿಸುವುದು 1900ರ ಹೊಸ್ತಿಲಿನಿಂದ. ಆ ಸಂಖ್ಯೆಯನ್ನು ಹಾಗೇ ದಿನಾಂಕ ಮಾಡಿದರೆ ನಿಮ್ಮ ಮೆಣಸಿನಕಾಯಿ 2094ರಲ್ಲಿ ಮಾರಾಟವಾಗಿರುತ್ತದೆ. ಎಣಿಕೆ ಶುರುವಾಗುವ ದಿನವನ್ನು 1899-12-30 ಎಂದು ಕೊಟ್ಟರೆ 2024ರ ನವೆಂಬರ್ 1 ಸಿಗುತ್ತದೆ, ಆಮೇಲೆ ದಿನ-ತಿಂಗಳು ಅದಲುಬದಲು ಮಾಡಬೇಕು. ಇಷ್ಟೆಲ್ಲ ಹೆಣಗುವುದಕ್ಕಿಂತ ಟೈಪ್ ಮಾಡುವಾಗಲೇ ವರ್ಷ ಮುಂದಿಟ್ಟು 2024-01-11 ಎಂದು ಬರೆಯಿರಿ. ಒತ್ತುವಾಗ ಯಾವ ಸೆಟ್ಟಿಂಗೂ ಅದನ್ನು ತಿರುಚುವುದಿಲ್ಲ. ಹೀಗೆ ಬರೆದ ಕಾಲಂಗೆ ‘ಡಿಎಂವೈ’ ಬದಲು ‘ವೈಎಂಡಿ’ ಬಳಸಿ.

ಹಂತ 3: ವಾರದಿಂದ ಪರೀಕ್ಷೆ

ಗ್ರಾಫ್ ಬರೆಯುವ ಮೊದಲು ಎರಡು ಸಾಲು ಓಡಿಸಿ. ದಿನಾಂಕದ ಕಾಲಂಗೆ ವಾರ ಹೇಳುವ ‘ವೀಕ್‌ಡೇಸ್’ ಹಚ್ಚಿ, ಬಂದದ್ದನ್ನು ಎಣಿಸಿ ತೋರಿಸುವ ‘ಟೇಬಲ್’ಗೆ ಕೊಡಿ. ಬ್ಯಾಡಗಿಯ ದಾಖಲೆಯಲ್ಲಿ ಸೋಮವಾರ, ಗುರುವಾರ ಬಿಟ್ಟು ಬೇರೆ ವಾರ ಬಂದರೆ ಆ ಸಾಲುಗಳನ್ನು ಹಿಡಿದು ನೋಡಿ. 2024ರ ಜನವರಿ 11 ಗುರುವಾರ. ತಿರುಚಿಕೊಂಡು ನವೆಂಬರ್ 1 ಆದರೆ ಶುಕ್ರವಾರ, ಅದೂ ರಾಜ್ಯೋತ್ಸವದ ದಿನ. ತಕ್ಷಣ ಸಿಕ್ಕಿಬೀಳುತ್ತದೆ. ಆದರೆ ವಾರವೊಂದನ್ನೇ ನಂಬಬೇಡಿ. ಜನವರಿ 8 ಸೋಮವಾರ, ಅದು ತಿರುಚಿದ ಆಗಸ್ಟ್ 1 ಗುರುವಾರವೇ. ಇದು ನುಸುಳಿಬಿಡುತ್ತದೆ. ಅದಕ್ಕೇ ಎರಡನೇ ಸಾಲಾಗಿ, ಮೊದಲ ಮತ್ತು ಕೊನೆಯ ದಿನಾಂಕ ತೋರಿಸುವ ‘ರೇಂಜ್’ ಓಡಿಸಬೇಕು. ನೀವು ಕೂಡಿಸಿದ್ದು ಜನವರಿಯಿಂದ ಮಾರ್ಚ್‌ವರೆಗಿನ ದರವಾಗಿದ್ದರೆ ಕೊನೆಯ ದಿನಾಂಕ ಮಾರ್ಚ್ ದಾಟಬಾರದು.

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಅಥವಾ ಗದಗಿನ ದರ ತೆಗೆದುಕೊಂಡವರು ತಮ್ಮ ಮಾರುಕಟ್ಟೆಯ ರಜಾ ವಾರ ಕೇಳಿಕೊಂಡು ಇದೇ ಪರೀಕ್ಷೆ ಮಾಡಬಹುದು.

ಹಂತ 4: ಗೆರೆ ಎಳೆಯುವುದು

ಗ್ರಾಫ್ ಬರೆಯುವ ಪ್ಯಾಕೇಜ್ ‘ಜಿಜಿಪ್ಲಾಟ್2’ ಬಳಸಿ, ಅಡ್ಡಕ್ಕೆ ದಿನಾಂಕ, ಉದ್ದಕ್ಕೆ ದರ, ಬಣ್ಣಕ್ಕೆ ತಳಿ, ‘ಜಿಯೋಮ್_ಲೈನ್’. ಮುಗಿಯಿತು. ಆರ್‌ನ ಮೂಲ ‘ಪ್ಲಾಟ್’ ಆಜ್ಞೆಯನ್ನೇ ಬಳಸುವವರು ಮೊದಲು ದಿನಾಂಕದ ಕ್ರಮಕ್ಕೆ ಸಾಲು ಜೋಡಿಸಿಕೊಳ್ಳಬೇಕು, ಇಲ್ಲದಿದ್ದರೆ ಗೆರೆ ಹಿಂದೆ ಮುಂದೆ ಓಡಾಡುತ್ತದೆ.

ಇಲ್ಲಿ ಒಂದು ಅಡ್ಡದಾರಿ ಬಹಳ ಚಾಲ್ತಿಯಲ್ಲಿದೆ. ಗೆರೆ ಕೂಡುತ್ತಿಲ್ಲ ಎಂದಾಗ, ಯಾವ ಸಾಲುಗಳು ಒಂದೇ ಗೆರೆಗೆ ಸೇರಬೇಕು ಎಂದು ಹೇಳುವ ‘ಗ್ರೂಪ್’ಗೆ 1 ಕೊಡುವುದು. ಗೆರೆ ಕೂಡುತ್ತದೆ ನಿಜ. ಆದರೆ ಗೆರೆ ಕೂಡದಿರುವುದೇ ನಿಮ್ಮ ಕಾಲಂ ಇನ್ನೂ ಪಠ್ಯ ಎಂಬುದಕ್ಕೆ ಸಾಕ್ಷಿಯಾಗಿತ್ತು. ಆ 1 ಹಾಕಿ ಸಾಕ್ಷಿಯನ್ನೇ ಅಳಿಸಿದಂತಾಯಿತು. ಎರಡನೇ ಹಂತಕ್ಕೆ ಮರಳಿ.

ಒಂದಕ್ಕಿಂತ ಹೆಚ್ಚು ವರ್ಷದ ಸುಗ್ಗಿ ದರ ಮಾತ್ರ ಇದ್ದರೆ, ಒಂದು ಸುಗ್ಗಿಯ ಕೊನೆಯ ದರದಿಂದ ಮುಂದಿನ ಸುಗ್ಗಿಯ ಮೊದಲ ದರಕ್ಕೆ ಉದ್ದನೆಯ ನೇರ ಗೆರೆ ಬೀಳುತ್ತದೆ. ಆ ತಿಂಗಳುಗಳಲ್ಲಿ ದರ ಹಾಗೆ ನಡೆಯಿತು ಎನ್ನಲು ನಿಮ್ಮ ಬಳಿ ಆಧಾರವಿಲ್ಲ. ಸುಗ್ಗಿಯ ಹೆಸರಿನ ಕಾಲಂ ಮಾಡಿ, ತಳಿಯ ಜೊತೆ ಸೇರಿಸಿ ‘ಗ್ರೂಪ್’ಗೆ ಕೊಟ್ಟು ಗೆರೆ ತುಂಡರಿಸಿ. ‘ಗ್ರೂಪ್’ನ ಸರಿಯಾದ ಉಪಯೋಗ ಇದು.

ಹಂತ 5: ಅಕ್ಷದ ಗುರುತುಗಳು

‘ಸ್ಕೇಲ್_ಎಕ್ಸ್_ಡೇಟ್’ನಲ್ಲಿ ‘ಡೇಟ್_ಬ್ರೇಕ್ಸ್’ಗೆ ಒಂದು ತಿಂಗಳು ಎಂದು ಕೊಡಿ. ಪ್ರತಿ ವಹಿವಾಟಿನ ದಿನಕ್ಕೂ ಗುರುತು ಬೇಡ. ಓದುವವನಿಗೆ ಬೇಕಾದದ್ದು ಯಾವ ತಿಂಗಳಲ್ಲಿ ಏನಾಯಿತು ಎಂಬುದು. ದಿನಾಂಕದ ಜೊತೆ ಗಂಟೆಯೂ ಇರುವ ಕಾಲಂ ಆದರೆ ಈ ಆಜ್ಞೆ ಒಗ್ಗುವುದಿಲ್ಲ, ‘ಡೇಟ್‌ಟೈಮ್’ ಹೆಸರಿನದು ಬೇಕು. ಮಾರುಕಟ್ಟೆ ದರಕ್ಕೆ ಗಂಟೆ ಬೇಕಿಲ್ಲ, ತೆಗೆದುಬಿಡಿ.

ಗುರುತುಗಳನ್ನು ಕೈಯಾರೆ ಮಾಡುವವರು ದಿನಾಂಕಗಳ ಸರಣಿ ಕೊಡುವ ‘ಸೀಕ್’ ಆಜ್ಞೆಯನ್ನು ತಿಂಗಳ 1ರಿಂದಲೇ ಶುರು ಮಾಡಬೇಕು. 2024ರ ಜನವರಿ 31ರಿಂದ ತಿಂಗಳಿಗೊಂದು ಕೇಳಿದರೆ ಎರಡನೆಯದು ಮಾರ್ಚ್ 2 ಬರುತ್ತದೆ. ಫೆಬ್ರುವರಿ ಮಾಯ.

ಹಂತ 6: ತಿಂಗಳ ಹೆಸರು ಕನ್ನಡದಲ್ಲಿ

ಕನ್ನಡ ವರದಿಗೆ ಕನ್ನಡದ ತಿಂಗಳೇ ಇರಲಿ. ಕಂಪ್ಯೂಟರಿನ ಭಾಷಾ ಸೆಟ್ಟಿಂಗ್ ಬದಲಿಸಲು ಹೋಗಬೇಡಿ, ಒಂದು ಯಂತ್ರದಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಹೆಸರನ್ನು ಒಂದು ಪಟ್ಟಿಯಲ್ಲಿ ನೀವೇ ಬರೆದಿಡಿ. ‘ಲೇಬಲ್ಸ್’ಗೆ ಒಂದು ಚಿಕ್ಕ ಫಂಕ್ಷನ್ ಕೊಡಿ: ದಿನಾಂಕದಿಂದ ತಿಂಗಳ ಸಂಖ್ಯೆ ತೆಗೆ, ಆ ಸಂಖ್ಯೆಯ ಹೆಸರು ಕೊಡು. ಒಂದೇ ಸಾಲಿನ ಕೆಲಸ.

ಉಳಿಸುವಾಗ ಅಕ್ಷರದ ಬದಲು ಚೌಕಗಳು ಬಂದರೆ, ಒತ್ತಕ್ಷರ ಬಿಡಿಬಿಡಿಯಾದರೆ, ದೋಷ ಚಿತ್ರ ಬರೆಯುವ ಸಾಧನದ್ದು. ‘ನೋಟೊ ಸಾನ್ಸ್ ಕನ್ನಡ’ ಫಾಂಟ್ ಸ್ಥಾಪಿಸಿ, ‘ಥೀಮ್’ನಲ್ಲಿ ಅದರ ಹೆಸರು ಕೊಡಿ, ‘ರ‍್ಯಾಗ್’ ಪ್ಯಾಕೇಜ್ ಹಾಕಿಕೊಂಡು ಪಿಎನ್‌ಜಿಯಾಗಿ ಉಳಿಸಿ. ಪಿಡಿಎಫ್ ಬೇಕೇ ಬೇಕೆಂದರೆ ಆರ್‌ನ ಸಾಮಾನ್ಯ ಪಿಡಿಎಫ್ ಸಾಧನ ಬಿಟ್ಟು ‘ಕೈರೋ_ಪಿಡಿಎಫ್’ ಬಳಸಿ. ಪರದೆಯ ಚಿತ್ರ ಹಿಡಿದು ವರದಿಗೆ ಅಂಟಿಸುವವರಿದ್ದಾರೆ. ಮುದ್ರಣದಲ್ಲಿ ಅಕ್ಷರ ಮಸುಕಾಗಿ ತಿಂಗಳ ಹೆಸರೇ ಓದಲು ಬರುವುದಿಲ್ಲ. ‘ಜಿಜಿಸೇವ್’ನಲ್ಲಿ ಅಗಲ, ಎತ್ತರ ಕೊಟ್ಟು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಉಳಿಸಿ, ಉದ್ದದ ಅಕ್ಷದ ಪಕ್ಕ ‘ಕ್ವಿಂಟಲ್‌ಗೆ ರೂಪಾಯಿ’ ಎಂದು ಬರೆಯಿರಿ.