ಮೇಸ್ತ್ರಿ ಎದುರಿಗೆ ಕೂಲಿ ವಿಷಯ ಕೇಳಬೇಡಿ: ಕಾಮಗಾರಿ ಜಾಗದಲ್ಲಿ ಹಕ್ಕುಗಳನ್ನು ಗಮನಿಸುವ ತರಬೇತಿ ಹೇಗೆ?

ದಾವಣಗೆರೆಯಿಂದ ಹಿರಿಯೂರಿನವರೆಗೆ ಈಗ ಎಲ್ಲಿ ನೋಡಿದರೂ ಜೆಸಿಬಿ. ಒಂದು ಕಡೆ ಭದ್ರಾ ಮೇಲ್ದಂಡೆ ಕಾಲುವೆ, ಇನ್ನೊಂದು ಕಡೆ ತುಮಕೂರು–ದಾವಣಗೆರೆ ರೈಲು ಮಾರ್ಗ. ಇಂಥ ಕಡೆ ಜಮೀನು ಕಳೆದುಕೊಂಡವರ, ಕೂಲಿಯವರ ಹಕ್ಕಿಗೆ ಪೆಟ್ಟು ಬಿದ್ದಿದೆಯಾ ಅಂತ ನೋಡಿ ಬರಲು ಎಂಜಿನಿಯರ್, ವಕೀಲರು, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದವರನ್ನು ಕಳಿಸುತ್ತಾರೆ. ಅವರು ಸೈಟ್ ಆಫೀಸಿನಲ್ಲಿ ಕೂತು ಟೀ ಕುಡಿದು, ಫಾರಂ ತುಂಬಿಸಿ, ಮಧ್ಯಾಹ್ನದ ಹೊತ್ತಿಗೆ ಬೆಣ್ಣೆದೋಸೆ ತಿನ್ನಲು ದಾವಣಗೆರೆಗೆ ವಾಪಸ್. ಇಂಥ ಬ್ಯಾಚ್‌ಗಳ ಜೊತೆ ಓಡಾಡಿ ಸಾಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಂಡ. ಐದೇ ಜನ ಸಾಕು. ಅದರಲ್ಲಿ ಇಬ್ಬರು ಹೆಂಗಸರಿರಲಿ, ಒಬ್ಬರಿಗೆ ಹಿಂದಿ, ಒಬ್ಬರಿಗೆ ಲಂಬಾಣಿ ಮಾತು ಬರಲಿ.

ಎರಡನೆಯದು ಕಾಗದ. ಕಾನೂನನ್ನು ಪಿಪಿಟಿಯಲ್ಲಿ ಓದಿಸಬೇಡಿ, ನಿದ್ದೆ ಬರುತ್ತದೆ. ಒಂದು ಪಹಣಿ ಕೈಗೆ ಕೊಟ್ಟು "ಇದರಲ್ಲಿ ಯಾರ ಹೆಸರು ಇಲ್ಲ?" ಅಂತ ಕೇಳಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಸಾಗುವಳಿ ಮಾಡುವವರದ್ದು. ಆಮೇಲೆ ಹೊಲಕ್ಕೇ ಕರೆದುಕೊಂಡು ಹೋದರೆ ಎರಡೂ ಕಡೆ ಇಲ್ಲದವರು ಸಿಗುತ್ತಾರೆ: ಕೋರು ಮಾಡಿದವರು (ಬೇರೆಯವರ ಹೊಲವನ್ನು ಪಾಲಿಗೆ ಉತ್ತವರು), ವರ್ಷಗಟ್ಟಲೆ ಅಲ್ಲೇ ಕಳೆ ತೆಗೆದವರು. 2013ರ ಭೂಸ್ವಾಧೀನ ಕಾಯ್ದೆ ಇವರನ್ನೂ ಬಿಟ್ಟಿಲ್ಲ. ಸ್ವಾಧೀನಕ್ಕೆ ಮುಂಚಿನ ಮೂರು ವರ್ಷ ಆ ಜಾಗದಲ್ಲಿ ದುಡಿದು, ಅದೇ ಮುಖ್ಯ ಜೀವನಾಧಾರ ಆಗಿದ್ದರೆ, ಭೂಮಿ ಇಲ್ಲದಿದ್ದರೂ ಅದು ಬಾಧಿತ ಕುಟುಂಬವೇ. ರಾಷ್ಟ್ರೀಯ ಹೆದ್ದಾರಿಗೆ ಜಮೀನು ಹೋಗುವಾಗ ಆಕ್ಷೇಪಣೆಗೆ ಬರೀ 21 ದಿನ ಇರುತ್ತದೆ, ಜನಕ್ಕೆ ಗೊತ್ತಾಗುವುದು ಕಲ್ಲು ನೆಟ್ಟ ಮೇಲೆ! ಪೇಟೆ ರಸ್ತೆ ಅಗಲ ಮಾಡುವ ಕೆಲಸ ಆದರೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ತೆಗೆಯಿರಿ. ಎಬ್ಬಿಸುವ ಮುಂಚೆ 30 ದಿನದ ನೋಟಿಸ್ ಕೊಟ್ಟಿದ್ದಾರಾ ನೋಡಿ. ಇನ್ನೊಂದು ಮಾತು, ಹಳೇ ಹ್ಯಾಂಡ್‌ಔಟ್‌ಗಳನ್ನು ಹಂಚಲೇಬೇಡಿ. ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಇನ್ನೂ 1979ರ ವಲಸೆ ಕಾರ್ಮಿಕರ ಕಾಯ್ದೆಯ ಜೆರಾಕ್ಸ್ ಹಿಡಿದು ಪಾಠ ಮಾಡುವವರಿದ್ದಾರೆ.

ಈಗ ಎಲ್ಲರೂ ಕೆಡಿಸುವ ಹಂತಕ್ಕೆ ಬರೋಣ: ಕೂಲಿಯವರ ಜೊತೆ ಮಾತು.

"ಕೂಲಿ ಸರಿಯಾಗಿ ಕೊಡ್ತಾರಾ?" ಅಂತ ಕೇಳಿದರೆ "ಹೂಂ ಸಾರ್" ಅಂತಲೇ ಉತ್ತರ ಬರುತ್ತದೆ. ಮೇಸ್ತ್ರಿ ಪಕ್ಕದಲ್ಲೇ ನಿಂತಿರುತ್ತಾನೆ, ಇನ್ನೇನು ಹೇಳಬೇಕು ಪಾಪ? ಆದ್ದರಿಂದ ತರಬೇತಿಯಲ್ಲಿ ಒಂದು ಪೂರ್ತಿ ದಿನ ಪಾತ್ರ ಹಾಕಿಸಿ. ಒಬ್ಬರು ಮೇಸ್ತ್ರಿ, ಒಬ್ಬರು ಮುಂಗಡ ತಗೊಂಡು ಬಂದ ಕೂಲಿ, ಒಬ್ಬರು ಕೇಳುವವರು. ಮೇಸ್ತ್ರಿ ಆದವರಿಗೆ ಬಿಟ್ಟೂಬಿಡದೆ ಬಾಯಿ ಹಾಕಲು ಹೇಳಿ. ಆ ಮೇಸ್ತ್ರಿಯನ್ನು ಜಗಳ ಇಲ್ಲದೆ ಆಚೆ ಕಳಿಸುವುದು ಹೇಗೆ ಅಂತ ಕಲಿಯಲಿ. ನನ್ನ ಉಪಾಯ: ತಂಡದ ಎಂಜಿನಿಯರ್ "ಬನ್ನಿ, ಕಂಬಿ ಸ್ಟಾಕ್ ತೋರಿಸಿ" ಅಂತ ಅವನನ್ನು ಕರೆದುಕೊಂಡು ಹೋಗುವುದು. ಎಂಜಿನಿಯರ್ ಬೇಕಾಗುವುದು ಮುಖ್ಯವಾಗಿ ಅದಕ್ಕೇ.

ಪ್ರಶ್ನೆಗಳು ಹೌದು-ಇಲ್ಲಕ್ಕೆ ಮುಗಿಯಬಾರದು. ಹೋದ ವಾರ ಬಟವಾಡೆಯಲ್ಲಿ ಕೈಗೆ ಎಷ್ಟು ಬಂತು? ಊರು ಬಿಡುವಾಗ ಮುಂಗಡ ಎಷ್ಟು ತಗೊಂಡಿದ್ರಿ, ಅದರಲ್ಲಿ ಎಷ್ಟು ಮುರಿದುಕೊಂಡಿದ್ದಾರೆ? ಜ್ವರ ಬಂದ ದಿನದ ಕೂಲಿ ಏನಾಯ್ತು? ಆಧಾರ್, ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ? ತೀರದ ಮುಂಗಡ, ಮೇಸ್ತ್ರಿ ಜೇಬಿನಲ್ಲಿರುವ ಕಾರ್ಡ್, ಊರಿಗೆ ಹೋಗಲು ಬಿಡದಿರುವುದು, ಇವೆಲ್ಲ ಸೇರಿದರೆ 1976ರಲ್ಲೇ ನಿಷೇಧವಾದ ಜೀತದ ವಾಸನೆ ಅದು.

ಕೆಲವನ್ನು ಕೇಳುವುದೇ ಬೇಡ. ಕುಡಿಯುವ ನೀರು ಇದೆಯಾ ಅನ್ನುವ ಬದಲು "ಒಂದ್ ಲೋಟ ನೀರು ಕೊಡಮ್ಮ" ಅನ್ನಿ, ಅದು ಎಲ್ಲಿಂದ ಬರುತ್ತದೆ ನೋಡಿ. ಶೌಚಾಲಯದ ವಿಷಯ ಹೆಂಗಸರ ಹತ್ತಿರ ಹೆಂಗಸರೇ ಮಾತಾಡಲಿ, ಅದೂ ಸುತ್ತಿ ಬಳಸಿ. "ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ?" ಅಂದರೆ "ನಾಲ್ಕಕ್ಕೇ ಅಕ್ಕ, ಬೆಳಕಾದರೆ ಬಯಲಿಗೆ ಹೋಗೋಕಾಗಲ್ಲ" ಅನ್ನುತ್ತಾರೆ. ಫಾರಂನಲ್ಲಿ "ಶೌಚಾಲಯ ಇದೆ" ಅಂತ ಟಿಕ್ ಆಗಿರುವುದು ಸೈಟ್ ಆಫೀಸಿನದ್ದು, ಅದಕ್ಕೂ ಬೀಗ.

ಹೋಗುವ ಹೊತ್ತು ಸಂಜೆ, ಇಲ್ಲವೇ ಸಂತೆ ದಿನ. ಹಾಜರಿ ಕೂಗುವ ಹೊತ್ತಿಗೆ ಹೋದರೆ ದಂಡ.

ನಂತರ ಬರೆಯುವುದು. ಕಣ್ಣಾರೆ ಕಂಡದ್ದು, ಬೇರೆಯವರು ಹೇಳಿದ್ದು, ನಮಗೆ ಅನಿಸಿದ್ದು, ಮೂರಕ್ಕೂ ಬೇರೆ ಬೇರೆ ಪುಟ. ಟಿಕ್ ಹಾಕುವ ಮೊಬೈಲ್ ಆ್ಯಪ್‌ಗಳು ನನಗೆ ಸುತಾರಾಂ ಇಷ್ಟವಿಲ್ಲ. ಒಂದು ಉತ್ತರ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ, ಹುಡುಗರು ಸುಮ್ನೆ "ಹೌದು" ಒತ್ತುತ್ತಾರೆ. ಇಪ್ಪತ್ತು ರೂಪಾಯಿ ನೋಟ್‌ಬುಕ್ ವಾಸಿ. ಮುಖದ ಫೋಟೋ ಬೇಡ, ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಇರಲಿ.

ಹೆಸರು ಬರೆಯದಿದ್ದರೆ ಸಾಕು ಅಂದುಕೊಳ್ಳಬೇಡಿ. ನಾನೇ ಒಂದು ವರದಿಯಲ್ಲಿ "ಯಾದಗಿರಿ ಕಡೆಯ, ಎರಡು ಮಕ್ಕಳ ತಾಯಿ" ಅಂತ ಬರೆದಿದ್ದೆ. ಆ ಸೈಟಿನಲ್ಲಿ ಅಂಥವರು ಒಬ್ಬರೇ ಇದ್ದರು. ಮುಂದಿನ ಸಲ ಹೋದಾಗ ಆಕೆಯ ತಗಡಿನ ಶೆಡ್ ಖಾಲಿ. ಎಲ್ಲಿ ಹೋದರು ಅಂದರೆ ಯಾರೂ ಬಾಯಿ ಬಿಡಲಿಲ್ಲ.

ದೂರು ಯಾರಿಗೆ ಅನ್ನುವುದು ಸುಲಭ: ಕೂಲಿಯದ್ದಾದರೆ ಕಾರ್ಮಿಕ ಇಲಾಖೆ, ಜಮೀನಿನದ್ದಾದರೆ ಭೂಸ್ವಾಧೀನಾಧಿಕಾರಿ ಮತ್ತು ಡಿಸಿ. ಮಾನವ ಹಕ್ಕುಗಳ ಆಯೋಗಕ್ಕಾದರೆ ಘಟನೆ ನಡೆದ ಒಂದು ವರ್ಷದ ಒಳಗೆ ಹೋಗಬೇಕು. ಆದರೆ ಮಾತಾಡಿದವರನ್ನು ಕೇಳದೆ ಎಲ್ಲಿಗೂ ಕಳಿಸಬೇಡಿ. ತರಬೇತಿಯ ಕೊನೆಯ ದಿನ ಸರ್ಟಿಫಿಕೇಟ್ ಹಂಚುವ ಕಾರ್ಯಕ್ರಮ ಇಟ್ಟುಕೊಳ್ಳುವ ಬದಲು, ಹದಿನೈದು ದಿನ ಬಿಟ್ಟು ಅದೇ ಬ್ಯಾಚನ್ನು ಅದೇ ಶೆಡ್‌ಗಳಿಗೆ ವಾಪಸ್ ಕರೆದುಕೊಂಡು ಹೋಗಿ, ಮೊದಲ ಸಲ ಮಾತಾಡಿದವರೆಲ್ಲ ಇನ್ನೂ ಕೆಲಸದಲ್ಲಿದ್ದಾರಾ ಅಂತ ಎಣಿಸಲು ಹೇಳಿ.