ಮೇರಿ ಕ್ಯಾಥ್ಲೀನ್ ಕಲ್ಲನ್ನು ಫಿಲ್ಮ್ ಮೇಲೆ ಇಟ್ಟು ನೋಡಿದೆ

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮೌಂಟ್ ಐಸಾ ಅಂತ ಗಣಿ ಊರಿದೆ. ಭೂವಿಜ್ಞಾನಿಯಾಗಿ ನಾನು ಅಲ್ಲಿ ಕೆಲಸಕ್ಕೆ ಸೇರಿದ ವರ್ಷ, ಪಕ್ಕದ ಮನೆಯ ಹಿರಿಯರೊಬ್ಬರು ಶೆಡ್ಡಿನಲ್ಲಿದ್ದ ತಗಡಿನ ಡಬ್ಬಿಯಿಂದ ಮುಷ್ಟಿ ಗಾತ್ರದ ಒಂದು ಕಲ್ಲು ತೆಗೆದುಕೊಟ್ಟರು. ಅವರು ಮೇರಿ ಕ್ಯಾಥ್ಲೀನ್ ಯುರೇನಿಯಂ ಗಣಿಯಲ್ಲಿ, ಅದು 1982ರಲ್ಲಿ ಮುಚ್ಚುವ ತನಕ ದುಡಿದವರು. ಕಲ್ಲು ಕೈಗಿಟ್ಟು, ನಿನಗೆ ಉಪಯೋಗ ಆಗುತ್ತೆ ನೋಡು ಅಂದರು, ಅಷ್ಟೇ.

ಮೊದಲು ಹ್ಯಾಂಡ್ ಲೆನ್ಸ್‌ನಲ್ಲಿ ನೋಡಿದೆ. ಕೆಂಪು ಕಂದು ಬಣ್ಣದ ಭಾಗವೆಲ್ಲ ಗಾರ್ನೆಟ್ ಅನ್ನುವ ಖನಿಜ. ಅದರ ನಡುವೆ ಟಾರಿನ ಹಾಗೆ ಹೊಳೆಯುವ ಕಪ್ಪು ತೇಪೆಗಳು, ಅದು ಅಲನೈಟ್ ಅನ್ನುವ ಇನ್ನೊಂದು ಖನಿಜ. ಯುರೇನಿಯಂ ಎಲ್ಲಿ? ವಿಕಿರಣ ಪತ್ತೆ ಮಾಡುವ ಗೈಗರ್ ಕೌಂಟರ್ ಹಿಡಿದರೆ ಒಂದೇ ಸಮನೆ ಕಿಟಿಕಿಟಿ ಅನ್ನುತ್ತೆ, ಆದರೆ ಇಡೀ ಕಲ್ಲಿನಿಂದ ಸದ್ದು ಬರುತ್ತೆ, ಯಾವ ಕಣದಿಂದ ಅಂತ ಹೇಳಲ್ಲ.

ಅದಕ್ಕೇ ಫಿಲ್ಮ್ ದಾರಿ ಹಿಡಿದೆ, ವಿಕಿರಣ ಬಿದ್ದ ಕಡೆ ಫಿಲ್ಮ್ ಕಪ್ಪಾಗುತ್ತೆ. ಕಲ್ಲನ್ನು ಗರಗಸದಲ್ಲಿ ನೀರು ಹಾಯಿಸುತ್ತಾ ಹೋಳು ಮಾಡಿದೆ. ಒಣದಾಗಿ ಮಾತ್ರ ಕೊಯ್ಯಲೇಬಾರದು, ಆ ದೂಳು ಶ್ವಾಸಕೋಶಕ್ಕೆ ಹೋದರೆ ಒಳಗೇ ಕೂತು ವಿಕಿರಣ ಬಿಡುತ್ತೆ. ಹೋಳಿನ ಒಂದು ಮುಖ ನಯವಾಗಿ ಉಜ್ಜಿ, ಕತ್ತಲೆ ಕೋಣೆಯಲ್ಲಿ ಎಕ್ಸ್‌ರೇ ಫಿಲ್ಮ್ ಮೇಲೆ ಕವುಚಿ ಇಟ್ಟೆ. ಫ್ರೆಂಚ್ ವಿಜ್ಞಾನಿ ಬೆಕೆರೆಲ್ 1896ರಲ್ಲಿ ಯುರೇನಿಯಂ ಲವಣವನ್ನು ಫೋಟೋ ಪ್ಲೇಟ್ ಮೇಲೆ ಇಟ್ಟಾಗ ಕಂಡದ್ದೂ ಇದೇ ಪರಿಣಾಮ ಅಲ್ವಾ. ಮೊದಲ ಸಲ ಎರಡೇ ದಿನ ಇಟ್ಟಿದ್ದೆ, ಏನೂ ಮೂಡಲಿಲ್ಲ. ಎರಡನೇ ಸಲ ಎರಡು ವಾರ ಬಿಟ್ಟು ಡೆವಲಪ್ ಮಾಡಿದೆ.

ಕಪ್ಪು ಚುಕ್ಕೆಗಳ ಗುಂಪು ಗುಂಪು ಮೂಡಿತ್ತು. ಹೋಳನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದರೆ ಗಾರ್ನೆಟ್ ಇದ್ದ ಕಡೆ ಫಿಲ್ಮ್ ಹೆಚ್ಚುಕಡಿಮೆ ಖಾಲಿ, ಚುಕ್ಕೆಗಳೆಲ್ಲ ಅಲನೈಟ್ ತೇಪೆಗಳ ಒಳಗೇ! ಆಮೇಲೆ 0.03 ಮಿ.ಮೀ. ದಪ್ಪದ ತೆಳು ಪದರ ಮಾಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವಿಷಯ ಪೂರ್ತಿ ಅರ್ಥ ಆಯಿತು. ತೆಳು ಪದರದಲ್ಲಿ ಕಂದಾಗಿ ಕಾಣುವ ಅಲನೈಟ್ ಒಳಗೆ ಯುರೇನಿಯಂ ಖನಿಜವಾದ ಯುರೇನಿನೈಟ್‌ನ ಪುಟ್ಟ ಪುಟ್ಟ ಕಣಗಳು, ಸುತ್ತ ಕಿರಣದಂತೆ ಹರಡಿದ ಬಿರುಕುಗಳು. ಕೋಟ್ಯಂತರ ವರ್ಷ ವಿಕಿರಣ ಹೊಡೆದು ಹೊಡೆದು ಅಲನೈಟ್‌ನ ಹರಳಿನ ಜೋಡಣೆಯೇ ಕದಡಿ ಗಾಜಿನಂತಾಗುತ್ತೆ, ಹಾಗಾಗುವಾಗ ಅದು ಉಬ್ಬುತ್ತೆ, ಉಬ್ಬಿದಾಗ ಬಿರುಕು ಬಿಡುತ್ತೆ.

ಅಲನೈಟ್ ಅಂದರೆ ಸೀರಿಯಂ, ಲ್ಯಾಂಥನಂ ಅನ್ನುವ ರೇರ್ ಅರ್ಥ್ ಲೋಹಗಳು ತುಂಬಿದ ಸಿಲಿಕೇಟ್. ಅಂದರೆ ಯುರೇನಿಯಂ ಇಲ್ಲಿ ರೇರ್ ಅರ್ಥ್ ಖನಿಜದ ಹೊಟ್ಟೆಯೊಳಗೇ ಇದೆ, ಒಂದನ್ನು ಅಗೆದರೆ ಇನ್ನೊಂದೂ ಬಂದೇ ಬರುತ್ತೆ. ಸ್ಟಿಲ್‌ವೆಲೈಟ್ ಅನ್ನುವ ಇನ್ನೊಂದು ರೇರ್ ಅರ್ಥ್ ಖನಿಜವೂ ಇಲ್ಲಿದೆ. ಅದರಲ್ಲಿ ಬೋರಾನ್ ಸೇರಿರುತ್ತೆ. ಜಗತ್ತಿನಲ್ಲಿ ಅದನ್ನು ಮೊದಲು ವಿವರಿಸಿದ್ದೇ ಈ ಗಣಿಯ ಕಲ್ಲಿನಿಂದ, 1955ರಲ್ಲಿ. ಹೆಸರು ಖನಿಜ ವಿಜ್ಞಾನಿ ಫ್ರಾಂಕ್ ಸ್ಟಿಲ್‌ವೆಲ್ ಅವರದ್ದು.

ಇಷ್ಟು ತಿಳಿದ ಮೇಲೆ ಗಣಿಯ ಇತಿಹಾಸ ನನಗೆ ಬೇರೆ ಥರ ಕಾಣತೊಡಗಿತು. 1954ರಲ್ಲಿ ಕ್ಲೆಮ್ ವಾಲ್ಟನ್, ನಾರ್ಮ್ ಮೆಕಾನಕಿ ಮತ್ತು ಜೊತೆಗಾರರು ಇದನ್ನು ಪತ್ತೆ ಮಾಡಿದರು. ಸ್ವಲ್ಪ ಮೊದಲಷ್ಟೇ ತೀರಿಕೊಂಡಿದ್ದ ಮೆಕಾನಕಿಯ ಹೆಂಡತಿಯ ಹೆಸರನ್ನೇ ಜಾಗಕ್ಕೆ ಇಟ್ಟರು. 1956ರಲ್ಲಿ ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಜೊತೆ ಒಪ್ಪಂದ ಆಯಿತು, 1958ರಲ್ಲಿ ಉತ್ಪಾದನೆ ಶುರು, ಒಪ್ಪಂದದ ಮಾಲು ಕೊಟ್ಟು ಮುಗಿದಾಗ 1963ರಲ್ಲಿ ಬಂದ್. ಮತ್ತೆ 1976ರಿಂದ 1982ರ ತನಕ ನಡೆಯಿತು. ಎರಡೂ ಸಲ ಸೇರಿ ಸುಮಾರು 8,900 ಟನ್ ಯುರೇನಿಯಂ ಆಕ್ಸೈಡ್ ತೆಗೆದರು. ಆದರೆ ರೇರ್ ಅರ್ಥ್‌ಗೆ ಆಗ ಇವತ್ತಿನಂಥ ಬೇಡಿಕೆ ಇರಲಿಲ್ಲ, ಅಲನೈಟ್‌ನಿಂದ ಬಿಡಿಸುವುದೂ ಕಷ್ಟ. ಅದಿರನ್ನು ಪುಡಿ ಮಾಡಿ, ಗಂಧಕಾಮ್ಲದಲ್ಲಿ ಯುರೇನಿಯಂ ಕರಗಿಸಿಕೊಂಡು, ಉಳಿದ ಕೆಸರನ್ನು ಟೇಲಿಂಗ್ಸ್ ಅಂದರೆ ಗಣಿ ತ್ಯಾಜ್ಯದ ಕಟ್ಟೆಗೆ ಬಿಟ್ಟರು. ಸೀರಿಯಂ, ಲ್ಯಾಂಥನಂನ ಬಹುಪಾಲು ಅದರ ಜೊತೆಗೇ ಹೋಯಿತು.

ನಾನು ಕೆಜಿಎಫ್‌ನವನು. 2001ರಲ್ಲಿ ನಮ್ಮ ಗಣಿ ಮುಚ್ಚಿದ್ದು, ಚಿನ್ನ ತೆಗೆದು ಉಳಿದ ಸೈನೈಡ್ ಗುಡ್ಡಗಳ ದೂಳು ಬೇಸಿಗೆಯಲ್ಲಿ ಮನೆಯೊಳಗೆ ಬರುತ್ತಿದ್ದದ್ದು ಎಲ್ಲ ನೆನಪಿದೆ. ಹಾಗಾಗಿ ಮೇರಿ ಕ್ಯಾಥ್ಲೀನ್‌ಗೆ ಹೋದ ದಿನ ಮನಸ್ಸು ಭಾರವಾಯಿತು. ಸುಮಾರು ಸಾವಿರ ಜನ ಇದ್ದ ಊರು. 1983ರಲ್ಲಿ ಮನೆಗಳನ್ನು ಹರಾಜು ಹಾಕಿದರು, ಕೊಂಡವರು ಕಿತ್ತುಕೊಂಡು ಹೋದರು. ಈಗ ಕಾಂಕ್ರೀಟ್ ನೆಲ, ಬೀದಿಗಳು, ಯಾರೋ ಅಂಗಳದಲ್ಲಿ ನೆಟ್ಟ ಮರಗಳು ಉಳಿದಿವೆ. ಗಣಿ ಗುಂಡಿಯಲ್ಲಿ ನೀಲಿ ಹಸಿರು ನೀರು. ಜನ ಫೋಟೋಗೆ ಬರುತ್ತಾರೆ. ದಯವಿಟ್ಟು ಆ ನೀರಿಗೆ ಇಳಿಯಬೇಡಿ, ಕಲ್ಲನ್ನೂ ಸುಮ್ನೆ ಜೇಬಿಗೆ ಹಾಕಿಕೊಳ್ಳಬೇಡಿ. ನಾನೂ ಅಲ್ಲಿಂದ ಏನೂ ತರಲಿಲ್ಲ.

ಹಿರಿಯರಿಗೆ ಫಿಲ್ಮ್ ತೋರಿಸಿದೆ. ಕಿಟಕಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಇಷ್ಟು ವರ್ಷ ಅಗೆದಿದ್ದೇವೆ, ಇದು ಕಲ್ಲಲ್ಲಿ ಎಲ್ಲಿ ಕೂತಿರುತ್ತೆ ಅಂತ ಇವತ್ತೇ ನೋಡಿದ್ದು ಅಂದರು. ಫಿಲ್ಮನ್ನು ಅವರಿಗೇ ಕೊಟ್ಟುಬಂದೆ. ಕಲ್ಲು ಮನೆಯಿಂದ ದೂರ, ಗಾಳಿ ಆಡುವ ಶೆಡ್ಡಿನಲ್ಲಿ, ಚೀಟಿ ಅಂಟಿಸಿದ ಡಬ್ಬಿಯಲ್ಲಿದೆ.